ಡಾಂಬರ್ ಪಂಪ್ ತಗೊಳ್ಳೋರು ಇದನ್ನೊಂದು ಓದ್ರಿ

ಮರ್ಯಾದಿ ಬಿಟ್ಟು ಬರ್ಯಾಕತ್ತೀನಿ. 11 ವರ್ಷ ರಸ್ತೆ ಕೆಲಸ ಮಾಡಿದಾಂವ ಪಂಪ್ ತಗೊಳ್ಳೂದ್ರಾಗ ಮೋಸ ಹೋದ ಅಂದ್ರ ನಗ್ತೀರಿ. ನಗ್ರಿ, ಆದ್ರ ಓದ್ರಿ.

ಸಿಂದಗಿ ರೋಡಿನ ಕಡೆ ನಮ್ಮದೊಂದು ಸಣ್ಣ ಹಾಟ್ ಮಿಕ್ಸ್ ಪ್ಲಾಂಟ್, ಅಂದ್ರ ಜಲ್ಲಿಗೆ ಬಿಸಿ ಡಾಂಬರ್ ಕಲಸೋ ಜಾಗ. ಹಳೇ ಪಂಪಿನ ಗೇರ್ ಸವೆದಿದ್ವು. ಬೆಳಗಾವಿಯ ಒಬ್ಬ ಡೀಲರ್, "ಡಾಂಬರ್, ಕಾಕಂಬಿ, ಫರ್ನೆಸ್ ಆಯಿಲ್, ಎಲ್ಲಾಕೂ ಇದೊಂದ ಪಂಪ್ ಸಾಕ್ರಿ ಸರ" ಅಂದ. ಬ್ಯಾರೆ ಕಡೆಗಿಂತ 22 ಸಾವಿರ ಕಮ್ಮಿ. ಅಲ್ಲೇ ನನಗ ವಾಸನಿ ಬಡೀಬೇಕಿತ್ತು. ಟ್ರಯಲ್ ತೋರಿಸಿದ, ಬ್ಯಾರಲ್‌ನಾಗ ನೀರು ಹಾಕಿ! ನಾನೂ ನಿಂತು ತಲಿ ಆಡಿಸಿದೆ. ನೀರ್ರೀ!

ಪ್ಲಾಂಟಿಗೆ ಇಳಿಸಿದಾಗ ನಮ್ಮ ಆಪರೇಟರ್ ಒಂದು ಸುತ್ತು ಹಾಕಿ ಕೇಳಿದ, "ಅಣ್ಣಾರ, ಜಾಕೆಟ್ ಎಲ್ಲೈತ್ರಿ?" ಜಾಕೆಟ್ ಇಲ್ಲ. ಪಂಪಿನ ಮೈಸುತ್ತ ಬಿಸಿ ಎಣ್ಣಿ ಹರಿಯಾಕ ಜಾಗಾನ ಇಲ್ಲ. ಗೇರ್‌ಬಾಕ್ಸೂ ಇಲ್ಲ, ನಿಮಿಷಕ್ಕ 1440 ಸುತ್ತು ತಿರುಗೋ ಮೋಟಾರಿಗೆ ಸೀದಾ ಕಪ್ಲಿಂಗ್. ದಪ್ಪ ಡಾಂಬರಿಗೆ ಅಷ್ಟು ಜೋರು ಆಗಂಗಿಲ್ಲ. ಆ ಹುಡುಗನ ಮುಂದ ನನ್ನ ಮಾರಿ ಹೆಂಗಾಗಿರಬೇಕು!

ಮೊದಲ ದಿನ ನಡೀತು, ಟ್ಯಾಂಕಿನಾಗ ವಿಜಿ-30 (ರಸ್ತೆಗೆ ಹಾಕೋ ಒಂದು ದರ್ಜೆ) ಡಾಂಬರ್ 155 ಡಿಗ್ರಿ ಇತ್ತಲ್ಲ. ರಾತ್ರಿ ಬಂದ್ ಮಾಡಿದ್ವಿ, ಪಂಪಿನೊಳಗ ಉಳಿದದ್ದು ಗಟ್ಟಿ ಆತು. ಮುಂಜಾನೆ ಟ್ಯಾಂಕ್ ಕಾಸಿ ಸ್ವಿಚ್ ಒತ್ತಿದ್ರ ಗುಂಯ್ ಅಂದು ಟ್ರಿಪ್. ಕೈಲೆ ತಿರುಗಿಸಿ ನೋಡಬೇಕಿತ್ತು, ನೋಡಲಿಲ್ಲ, ಅದು ನನ್ನ ತಪ್ಪು. ಮತ್ತ ಒತ್ತಿದ್ವಿ. ಶಾಫ್ಟ್ ಕಟ್. ಅತ್ತ ರಸ್ತೆ ಮ್ಯಾಲ ಪೇವರ್, ರೋಲರ್, ಮಂದಿ, ಎಲ್ಲಾ ಖಾಲಿ ನಿಂತಿತ್ತು.

ಫೋನ್ ಮಾಡಿದೆ. "ನಿಮ್ಮ ಡಾಂಬರ್ ಭಾಳ ದಪ್ಪ ಐತ್ರಿ ಸರ." ಡಾಂಬರ್ ದಪ್ಪ ಇರದ ಮಜ್ಜಿಗಿ ಇದ್ದಂಗ ಇರ್ತೈತೇನ್ ಮಾರಾಯಾ? "ರಾತ್ರಿ ಯಾಕ ಬಂದ್ ಮಾಡಿದ್ರಿ?" ಆಮ್ಯಾಲ, "ಆಪರೇಟರ್ ತಪ್ಪು, ವಾರಂಟಿ ಬರಂಗಿಲ್ಲ." ಬಿಲ್ ತಗದು ನೋಡಿದೆ: "ಆಯಿಲ್ ಪಂಪ್, 1 ನಗ." ಬಾಯಾಗ ಡಾಂಬರ್, ಬಿಲ್‌ನಾಗ ಆಯಿಲ್! ಆ ಎರಡು ಶಬ್ದ ಓದಿ ಕುಂತಲ್ಲೇ ಕುಂತೆ.

ಜಾಕೆಟ್ ಇರೋ ಗೇರ್ ಪಂಪ್, ಗೇರ್‌ಬಾಕ್ಸ್ ಮ್ಯಾಲ ನಿಧಾನ ತಿರುಗೋದ ತಗೋರಿ. ಒತ್ತಡ ಹೆಚ್ಚಾದ್ರ ತಾನ ತೆರೆಯೋ ರಿಲೀಫ್ ವಾಲ್ವ್ ಐತೇನ್ ನೋಡ್ರಿ. ಬಿಲ್ ಮ್ಯಾಲ "ಡಾಂಬರ್, ವಿಜಿ-30, ಇಷ್ಟು ಡಿಗ್ರಿ" ಅಂತ ಬರಸ್ರಿ. ಬರೆಯಾಂಗಿಲ್ಲ ಅಂದ್ರ ಎದ್ದು ಬರ್ರಿ. ನೀರಿನ ಟ್ರಯಲ್ ತೋರಿಸಿದ್ರಂತೂ ಓಡಿ ಬರ್ರಿ.

ನಿನ್ನೆ ಅವನದ ಮೆಸೇಜ್ ಬಂತು: "ಸರ, ಜಾಕೆಟ್ ಇರೋ ಮಾಡೆಲ್ ಬಂದೈತಿ, ನಿಮಗಂತ ಡಿಸ್ಕೌಂಟ್." ಮುಂಜಾನಿಂದ ಉತ್ತರ ಟೈಪ್ ಮಾಡಿ ಅಳಸಾಕತ್ತೀನಿ.