‘ಮಾರಿ’ ಅಂದದ್ದು ಸರಿ, ‘ಕೊಳ್ಳಿ’ ಅಂದದ್ದು ಯಾವಾಗ?

ರೇಟಿಂಗ್: ಐದರಲ್ಲಿ ಎರಡು.

2019ರ ಕೊನೆಯಿಂದ ಈ ಷೇರು ಸಲಹೆಗಾರರಿಗೆ ಚಂದಾ ಕಟ್ಟುತ್ತಿದ್ದೇನೆ. ಹೆಸರು ಬೇಡ. ಷೇರುಪೇಟೆಯ ನಿಯಂತ್ರಕ ಸೆಬಿಯ ನೋಂದಣಿ ಇದೆ, ಫೋನ್ ಮಾಡಿದರೆ ಎತ್ತುತ್ತಾರೆ, ಮರ್ಯಾದೆಯಿಂದ ಮಾತಾಡುತ್ತಾರೆ. ಎರಡು ನಕ್ಷತ್ರ ಅದಕ್ಕೇ. ಇವರ ಕೆಲಸ ಇಷ್ಟೇ: ಪೇಟೆ ಬೀಳುತ್ತದೆ ಅನಿಸಿದರೆ ‘ಎಲ್ಲ ಮಾರಿ’ ಅಂತ ವಾಟ್ಸಾಪ್ ಮೆಸೇಜು, ಏಳುತ್ತದೆ ಅನಿಸಿದರೆ ‘ಒಳಗೆ ಬನ್ನಿ’.

ನಮ್ಮ ಬದಿಯಡ್ಕ, ಪೆರ್ಲ ಕಡೆ ಇವರಿಗೆ ಹೆಸರು ಬಂದದ್ದು 2020ರಲ್ಲಿ. ಫೆಬ್ರವರಿಯಲ್ಲಿ ಷೇರುಪೇಟೆಯ ಸೂಚ್ಯಂಕ ನಿಫ್ಟಿ 12,000ದ ಆಚೀಚೆ ಇದ್ದಾಗ ಮಾರಿಸಿದರು. ಮಾರ್ಚ್ 23ಕ್ಕೆ ಒಂದೇ ದಿನ ಸುಮಾರು ಶೇ. 13 ಬಿದ್ದು 7,610ಕ್ಕೆ ನಿಂತಿತು. ಮಾರಾಯ್ರೆ, ಆ ಮೆಸೇಜಿನ ಸ್ಕ್ರೀನ್‌ಶಾಟನ್ನು ಈಗಲೂ ಮದುವೆ ಮನೆಯಲ್ಲಿ ತೋರಿಸುವವರಿದ್ದಾರೆ! ಅದರ ಮುಂದಿನ ಮೆಸೇಜುಗಳನ್ನು ಮಾತ್ರ ಯಾರೂ ತೋರಿಸುವುದಿಲ್ಲ. ‘ಇನ್ನೂ ಬೀಳಲಿಕ್ಕಿದೆ, ಕಾಯಿರಿ’ ಅಂತ ವಿಷು ಹೋಯಿತು, ಚೌತಿ ಹೋಯಿತು, ದೀಪಾವಳಿ ಹೊತ್ತಿಗೆ ನಿಫ್ಟಿ ಹಳೆಯ ಎತ್ತರವನ್ನೇ ದಾಟಿತು. ‘ಒಳಗೆ ಬನ್ನಿ’ ಬಂದದ್ದು 2021ರ ಜನವರಿಯಲ್ಲಿ, 14,000ದ ಮೇಲೆ. ಹನ್ನೆರಡಕ್ಕೆ ಮಾರಿ ಹದಿನಾಲ್ಕಕ್ಕೆ ಕೊಂಡರೆ ನಡುವಿನ 7,610ರಿಂದ ನಮಗೆ ಎಂತ ಸಿಕ್ಕಿತು?

ಚಾಲಿ ಅಡಿಕೆಯನ್ನು ಅಟ್ಟದಲ್ಲಿಟ್ಟು ರೇಟಿಗೆ ಕಾಯುವ ಊರು ನಮ್ಮದು, ಹಾಗಾಗಿ ಇಂಥ ಮಾತು ಬೇಗ ಹಿಡಿಸುತ್ತದೆ. ಆದರೆ ಅಡಿಕೆ ಒಮ್ಮೆ ಮಾರಿದರೆ ಮುಗಿಯಿತು, ಅದನ್ನೇ ಮತ್ತೆ ಕೊಳ್ಳಲಿಕ್ಕಿಲ್ಲ. ಷೇರಿನಲ್ಲಿ ಎರಡು ಸಲವೂ ಸರಿಯಾಗಬೇಕು.

ಒಮ್ಮೆ ಆಯಿತು ಕೂಡ. 2021ರ ಅಕ್ಟೋಬರಿನಲ್ಲಿ 18,000ದ ಮೇಲೆ ಅರ್ಧ ಮಾರಿಸಿ, ಮರುವರ್ಷ ಜೂನ್‌ನಲ್ಲಿ 16,000ದ ಕೆಳಗೆ ಕೊಳ್ಳಿಸಿದರು. ಅದು ನಿಜವಾದ ಲಾಭ, ಇಲ್ಲ ಅನ್ನುವುದಿಲ್ಲ.

2024ರ ಜೂನ್ 4, ಚುನಾವಣೆ ಫಲಿತಾಂಶದ ದಿನ, ನಿಫ್ಟಿ 23,263ರಿಂದ 21,884ಕ್ಕೆ ಬಿತ್ತು. ಮಧ್ಯಾಹ್ನವೇ ‘ಎಲ್ಲ ಮಾರಿ’ ಬಂತು. ಅದೇ ವಾರದ ಶುಕ್ರವಾರ 23,290! ಮಾರಿ ಕೂತಿದ್ದ ನನ್ನ ಭಾವ ಫೋನ್ ಮಾಡಿ ಕೇಳಿದರೆ ‘ಶಿಸ್ತು ಮುಖ್ಯ ಭಟ್ರೇ’ ಅಂದರಂತೆ.

ನಾನು ಮೆಸೇಜು ಬಂದ ದಿನವೇ ತಾರೀಕು, ನಿಫ್ಟಿ ಎರಡನ್ನೂ ಡೈರಿಯಲ್ಲಿ ಬರೆದಿಡುತ್ತೇನೆ. ವರ್ಷದ ಕೊನೆಗೆ ಅವರು ಕಳಿಸುವ ಪಟ್ಟಿಗೂ ಡೈರಿಗೂ ತಾಳೆಯೇ ಆಗುವುದಿಲ್ಲ. ತಪ್ಪಾದ ಕಾಲ್‌ಗಳೆಲ್ಲ (ಅಂದರೆ ‘ಮಾರಿ’, ‘ಕೊಳ್ಳಿ’ ಸಲಹೆಗಳು) ಅಲ್ಲಿ ‘ಎಚ್ಚರಿಕೆ ಮಾತ್ರ’. ತಮ್ಮ ಲೆಕ್ಕಕ್ಕೆ ಕಂಪನಿಗಳು ಕೊಡುವ ಲಾಭಾಂಶ, ಡಿವಿಡೆಂಡ್ ಸೇರಿಸುತ್ತಾರೆ, ಪಕ್ಕದಲ್ಲಿ ಇಡುವ ನಿಫ್ಟಿಗೆ ಸೇರಿಸುವುದಿಲ್ಲ. ಮ್ಯೂಚುವಲ್ ಫಂಡಿನವರು 2018ರಿಂದ ಡಿವಿಡೆಂಡ್ ಸೇರಿದ ಸೂಚ್ಯಂಕವಾದ ಟಿಆರ್‌ಐ ಜೊತೆಗೇ ಹೋಲಿಸಬೇಕು, ಇವರಿಗೇನು ಕಷ್ಟ? ವರ್ಷದೊಳಗೆ ಮಾರಿದ ಲಾಭಕ್ಕೆ ತೆರಿಗೆ ಮೊದಲು ಶೇ. 15 ಇತ್ತು, 2024ರ ಜುಲೈ 23ರಿಂದ 20. ಆ ಪಟ್ಟಿಯಲ್ಲಿ ಅದೂ ಇಲ್ಲ, ಅವರ ಫೀಸೂ ಇಲ್ಲ. ಎಲ್ಲ ಕಳೆದು ನೋಡಿದರೆ ಸುಮ್ನೆ ನಿಫ್ಟಿಯನ್ನೇ ಹಿಂಬಾಲಿಸುವ ಇಂಡೆಕ್ಸ್ ಫಂಡಿನಲ್ಲಿ ಬಿಟ್ಟಿದ್ದೇ ಜಾಸ್ತಿ ಆಗುತ್ತಿತ್ತು.

ಚಂದಾ ಕಟ್ಟಲು ಮೆಸೇಜು ಬಂದಿದೆ. 2020ರಿಂದ ಕೊಟ್ಟ ಎಲ್ಲ ಕಾಲ್‌ಗಳನ್ನು ತಾರೀಕು ಸಮೇತ, ತೆರಿಗೆ, ಫೀಸು ಕಳೆದು, ಟಿಆರ್‌ಐ ಪಕ್ಕದಲ್ಲಿಟ್ಟು ಕಳಿಸಿ ಅಂದಿದ್ದೇನೆ. ಓದಿದ್ದಾರೆ, ಉತ್ತರ ಬಂದಿಲ್ಲ. ಬಂದರೆ ರೇಟಿಂಗ್ ತಿದ್ದುತ್ತೇನೆ.