‘ಗ್ಲಾಸ್ ಒಡೆದಿತ್ತು, ಸರಿ ಮಾಡಿದೀನಿ ಸಾರ್’

ಕೊಟ್ಟು ಕೆಟ್ಟವರಿಲ್ಲ ಅಂತಾರೆ. ನಾನು ಕೊಟ್ಟೇ ಕೆಟ್ಟೆ. ಹಳೇ ಕಾರಿನ ಪಕ್ಕ ಮನೆಯವರು ನಿಂತಿರುವ ಫೋಟೋಗಳು ನಿಮ್ಮಲ್ಲಿದ್ದರೆ, ಸ್ಟುಡಿಯೋಗೆ ‘ರಿಪೇರಿ’ಗೆ ಕೊಡುವ ಮೊದಲು ಇದನ್ನು ಓದಿಬಿಡಿ.

ನಮ್ಮ ತಾತನ ಹತ್ತಿರ ನಾಲ್ಕು ಬಾಗಿಲಿನ ಮಾರಿಸ್ ಮೈನರ್ ಇತ್ತು. ಎಂವೈ ಅಂತ ಶುರುವಾಗುವ ಮೈಸೂರು ರಾಜ್ಯದ ನಂಬರು. ನಾನು ಹುಟ್ಟುವ ಹೊತ್ತಿಗೆ ಕಾರು ಮಾರಿಯಾಗಿತ್ತು, ಉಳಿದಿದ್ದು ಅಂಗೈಯಗಲದ ನಾಲ್ಕು ಫೋಟೋ. ಒಂದು ಚಾಮುಂಡಿ ಬೆಟ್ಟದ ನಂದಿಯ ಹತ್ತಿರ ತೆಗೆದದ್ದು: ಬಾನೆಟ್ಟಿಗೆ ಒರಗಿದ ತಾತ, ಬಾಗಿಲು ಹಿಡಿದ ಅಜ್ಜಿ, ಕಿಟಕಿಯಲ್ಲಿ ಸೋದರತ್ತೆಯ ಅರ್ಧ ಮುಖ. ಅತ್ತೆಗೆ ಎಪ್ಪತ್ತೈದು ತುಂಬುತ್ತೆ, ದೊಡ್ಡದು ಮಾಡಿಸಿ ಕೊಡೋಣ ಅಂತ ಹೋದೆ.

ವಾರ ಬಿಟ್ಟು ಬಣ್ಣದ ಪ್ರಿಂಟು ಕೈಗೆ ಬಂತು. ಕೆಂಪು ಕಾರು! ಮುಂದಿನ ಗಾಜು ಒಂದೇ ಹಾಳೆಯಂತೆ ನುಣ್ಣಗಿದೆ. ಕೇಳಿದರೆ ಸ್ಟುಡಿಯೋದವರು ಹೆಮ್ಮೆಯಿಂದ ಹೇಳಿದ ಮಾತೇ ಮೇಲಿನ ಶೀರ್ಷಿಕೆ.

ಒಡೆದಿರಲಿಲ್ಲ ಸ್ವಾಮಿ. 1948ರಲ್ಲಿ ಬಂದ ಮೈನರ್‌ಗೆ ಮೊದಲಿಂದ ಎರಡು ಹೋಳಿನ ಗಾಜು, ನಡುವೆ ಒಂದು ಪಟ್ಟಿ. 1956ರಲ್ಲಿ ಮೈನರ್ 1000 ಬಂದಮೇಲೆ ಒಂದೇ ಬಾಗಿದ ಗಾಜು. ನಮ್ಮ ಫೋಟೋದಲ್ಲಿ ಪಟ್ಟಿಯೂ ಇತ್ತು, 1954ರ ಕೊನೆಯಲ್ಲಿ ಬದಲಾದ ಅಡ್ಡಪಟ್ಟಿಯ ಗ್ರಿಲ್ಲೂ ಇತ್ತು. ಅಂದರೆ ಕಾರು ತಯಾರಾದದ್ದು ಆ ಎರಡು ವರ್ಷದೊಳಗೆ ಅಂತ ಫೋಟೋ ನೋಡಿಯೇ ಹೇಳಬಹುದಿತ್ತು. ಬಾಗಿಲುಗಳ ನಡುವಿನ ಕಂಬದಿಂದ ಚಾಚಿಕೊಂಡಿದ್ದ ಸಿಗ್ನಲ್ ಕಡ್ಡಿಯನ್ನೂ ಗೀರು ಅಂತ ಅಳಿಸಿದ್ದಾರೆ. ತಿರುಗುವಾಗ ಎದ್ದು ನಿಲ್ಲುತ್ತಿದ್ದ ಆ ಕಡ್ಡಿ ಕೆಟ್ಟು ಹಾಗೇ ನಿಂತುಬಿಡುತ್ತಿತ್ತಂತೆ, ತಾತ ಇಳಿದು ಕೈಯಲ್ಲಿ ತಟ್ಟಿ ಒಳಗೆ ಕೂರಿಸುತ್ತಿದ್ದರಂತೆ. ನಂಬರ್ ಪ್ಲೇಟಿನ ಮಸುಕು ಅಂಕಿಗಳ ಜಾಗದಲ್ಲಿ ಎಐ ಆಪ್ ಯಾವ ಭಾಷೆಯದೂ ಅಲ್ಲದ ಅಕ್ಷರ ಬರೆದಿದೆ.

ಇದಾದರೂ ಹಾಳಾಗಿ ಹೋಗಲಿ, ಪ್ರಿಂಟು ತಾನೆ. ಅಸಲಿ ಫೋಟೋ ಎಲ್ಲಿ ಅಂದೆ. ‘ಹಾಳಾಗಬಾರದು ಅಂತ ಫ್ರೀಯಾಗಿ ಲ್ಯಾಮಿನೇಷನ್ ಮಾಡಿಸಿದೀನಿ ಸಾರ್.’ ಹಲಗೆಗೆ ಅಂಟಿಸಿ, ಮೇಲೆ ಪ್ಲಾಸ್ಟಿಕ್ ಬಿಸಿ ಒತ್ತಿದ್ದರು. ಹಿಂಬದಿಯಲ್ಲಿ ತಾತ ಇಂಕ್ ಪೆನ್ನಲ್ಲಿ ಊರು, ತಾರೀಖು ಬರೆದಿದ್ದರು. ಅದನ್ನು ನಾನು ಓದಿದ್ದೆ, ಬರೆದುಕೊಂಡಿರಲಿಲ್ಲ. ಈಗ ಅದು ಗೋಂದಿನೊಳಗೆ. ಬಿಡಿಸಲು ಹೋದರೆ ಚಿತ್ರದ ಪದರವೇ ಕಿತ್ತು ಬರುತ್ತೆ.

ತಪ್ಪು ನನ್ನದೂ ಇದೆ. ಮೊದಲು ಮನೆಯಲ್ಲೇ ಎರಡೂ ಬದಿ ಸ್ಕ್ಯಾನ್ ಮಾಡಿ, ಫೈಲ್ ಮಾತ್ರ ಕೊಡಬೇಕಿತ್ತು. ಚಿಕ್ಕ ಪ್ರಿಂಟಿಗೆ ಸ್ಕ್ಯಾನರ್‌ನಲ್ಲಿ ಕನಿಷ್ಠ 600 ಡಿಪಿಐ (ಇಂಚಿಗೆ ಇಷ್ಟು ಚುಕ್ಕೆ ಅಂತ) ಇಡಿ. ಚೌಕಟ್ಟಿನ ಗಾಜಿಗೆ ಅಂಟಿಕೊಂಡಿದ್ದರೆ ಕೀಳಬೇಡಿ, ಗಾಜಿನ ಸಮೇತ ಸ್ಕ್ಯಾನ್ ಮಾಡಿ. ಒದ್ದೆ ಬಟ್ಟೆ ತಾಗಿಸಲೇಬೇಡಿ. ಯಾವ ಗೆರೆ ಕಾರಿನದು, ಯಾವುದು ಗೀರು ಅಂತ ನೀವೇ ಗುರುತು ಹಾಕಿಕೊಡಿ. ಅಸಲಿ ಕೊಡಲೇಬೇಕೆಂದರೆ ‘ಲ್ಯಾಮಿನೇಷನ್ ಬೇಡ’ ಅಂತ ಚೀಟಿಯಲ್ಲಿ ಬರೆಸಿಕೊಳ್ಳಿ.

ಅತ್ತೆ ಕೆಂಪು ಕಾರನ್ನು ಕನ್ನಡಕ ಹಾಕಿಕೊಂಡು ನೋಡಿದರು. ‘ಚೆನ್ನಾಗಿದೆ ಕಣೋ, ಯಾರದ್ದು ಇದು? ನಮ್ಮದು ಕಪ್ಪು’ ಅಂದರು. ಉಳಿದ ಮೂರು ಫೋಟೋ ಬೀರುವಿನಲ್ಲಿವೆ, ಬೀಗದ ಕೈ ನನ್ನ ಹತ್ತಿರ.