ನಾಲ್ಕು ಬಾಯಿ, ನಾಲ್ಕು ಬಗೆಯ ಕ್ಲಿಪ್ಪು

ನಮ್ಮ ಮನೆತನದಲ್ಲಿ ಸೊಟ್ಟಹಲ್ಲು ಅಜ್ಜನಿಂದ ಬಂದ ಆಸ್ತಿ. ಎಲ್ಲರಿಗೂ ಸಮಪಾಲು. ಹೀಗಾಗಿ ಕೆಲವೇ ವರ್ಷಗಳಲ್ಲಿ ನನ್ನ ಮಗಳಿಗೆ ಲೋಹದ ಕ್ಲಿಪ್ಪು, ಮಗನಿಗೆ ಮೊದಲು ಟ್ವಿನ್ ಬ್ಲಾಕ್ ಎಂಬ ಜೋಡಿ ಪ್ಲೇಟು ಮತ್ತು ಆಮೇಲೆ ಲೋಹದ ಕ್ಲಿಪ್ಪು, ಅಕ್ಕನ ಮಗಳಿಗೆ ಸೆರಾಮಿಕ್, ಬೆಂಗಳೂರಿನಲ್ಲಿರುವ ತಮ್ಮನ ಮಗನಿಗೆ ಅಲೈನರ್ ಎಂಬ ಪಾರದರ್ಶಕ ಪ್ಲಾಸ್ಟಿಕ್ ಅಚ್ಚು ಆದವು. ನಾನು ವೈದ್ಯಳಲ್ಲ, ಹಣ ಕಟ್ಟಿದವಳು, ಹೊರಗೆ ಕಾದು ಕುಳಿತವಳು, ಅಡುಗೆ ಬದಲಿಸಿದವಳು. ಆ ಕಡೆಯಿಂದಲೇ ಹೋಲಿಸುತ್ತೇನೆ. ಹಲ್ಲಿಗೆ ಅಂಟಿಸಿದ ಸಾಧನ ಅಡುಗೆಮನೆಯನ್ನು ಕಾಡುತ್ತದೆ. ಬಿಚ್ಚಿಡಬಹುದಾದ ಸಾಧನ ಮಗುವಿನ ಮಾತಿನ ಮೇಲೆ ನಿಂತಿರುತ್ತದೆ. ಆಯ್ಕೆ ಇದ್ದರೆ ನಾನು ಅಡುಗೆಮನೆಯ ಕಾಟವನ್ನೇ ಒಪ್ಪಿಕೊಳ್ಳುತ್ತೇನೆ.

ಮಗಳ ಹಲ್ಲುಗಳು ಒಂದರ ಮೇಲೊಂದು ಹತ್ತಿದ್ದವು. ಕೋರೆಹಲ್ಲು ಸಾಲು ಬಿಟ್ಟು ಮೇಲೆ ಕುಳಿತಿತ್ತು. ಎಕ್ಸ್‌ರೇ ನೋಡಿದ ತಜ್ಞರು ಜಾಗ ಸಾಲದೆಂದು ಕೋರೆಹಲ್ಲಿನ ಹಿಂದಿನ ಒಂದೊಂದು ಹಲ್ಲನ್ನು ತೆಗೆಸಲು ಹೇಳಿದರು. ‘ಹುಳುಕಿಲ್ಲದ ಹಲ್ಲು ಕೀಳಿಸುತ್ತೀರಾ?’ ಎಂದು ನಮ್ಮ ಅತ್ತೆಯವರು ಎರಡು ದಿನ ಸರಿಯಾಗಿ ಮಾತನಾಡಲಿಲ್ಲ. ಎಲ್ಲ ಮಕ್ಕಳಿಗೂ ಹೀಗೆ ಕೀಳಬೇಕಿಲ್ಲ, ಆದರೆ ಹಲ್ಲುಗಳ ಇಕ್ಕಟ್ಟು ಹೆಚ್ಚಿದ್ದರೆ ಬೇರೆ ದಾರಿ ಕಡಿಮೆ.

ಹಲ್ಲುಗಳಿಗೆ ಬ್ರ್ಯಾಕೆಟ್ ಎಂಬ ಪುಟ್ಟ ಬಿಲ್ಲೆಗಳನ್ನು ಅಂಟಿಸಿ, ಅವಕ್ಕೆ ಆರಂಭದಲ್ಲಿ ಹಾಕುವುದು ನಿಕಲ್ ಮತ್ತು ಟೈಟಾನಿಯಂ ಬೆರೆಸಿದ ತೆಳು ತಂತಿ. ಸೊಟ್ಟಹಲ್ಲಿಗೆ ತಕ್ಕಂತೆ ಬಗ್ಗಿಸಿ ಕಟ್ಟಿದರೂ ಅದು ತನ್ನ ಮೊದಲ ಆಕಾರಕ್ಕೆ ಮರಳಲು ಹವಣಿಸುತ್ತದೆ. ಆ ಮೆಲುವಾದ ಒತ್ತಡಕ್ಕೆ ಹಲ್ಲಿನ ಒಂದು ಬದಿಯ ಮೂಳೆ ಕರಗಿ, ಇನ್ನೊಂದು ಬದಿಯಲ್ಲಿ ಹೊಸದು ಕಟ್ಟುತ್ತದೆ. ಆಮೇಲೆ ದಪ್ಪನೆಯ ಉಕ್ಕಿನ ತಂತಿಯ ಸರದಿ. ನಾಲ್ಕರಿಂದ ಆರು ವಾರಕ್ಕೊಮ್ಮೆ ಭೇಟಿ. ಪ್ರತಿ ಬಾರಿ ಬಿಗಿ ಮಾಡಿಸಿದಾಗಲೂ ಎರಡು ಮೂರು ದಿನ ಗಂಜಿ, ಮೊಸರನ್ನ. ಕೆನ್ನೆ ಒಳಗೆ ತರಚಿದರೆ ಬ್ರ್ಯಾಕೆಟ್ಟಿನ ಮೇಲೆ ಹಚ್ಚಲು ಮೇಣ ಕೊಡುತ್ತಾರೆ.

ನಮ್ಮೂರು ದಾವಣಗೆರೆಯಲ್ಲಿ ಕ್ಲಿಪ್ಪು ಹಾಕಿಸಿಕೊಂಡ ಮಗುವಿನ ಕಷ್ಟವೇ ಬೇರೆ. ಬೆಣ್ಣೆದೋಸೆಗೆ ಅಡ್ಡಿಯಿಲ್ಲ. ಖಡಕ್ ರೊಟ್ಟಿ, ಶೇಂಗಾ ಚಿಕ್ಕಿ, ಕೋಡುಬಳೆ, ಸಂಕ್ರಾಂತಿಯ ಕಬ್ಬು ಇವೆಲ್ಲ ಬ್ರ್ಯಾಕೆಟ್ ಕೀಳುವ ಪದಾರ್ಥಗಳು. ಮಂಡಕ್ಕಿ ಏನನ್ನೂ ಮುರಿಯುವುದಿಲ್ಲ, ಆದರೆ ತಂತಿಯ ಹಿಂದೆ ಸೇರಿಕೊಂಡು ರಾತ್ರಿಯವರೆಗೂ ಹೊರಬರುವುದಿಲ್ಲ. ಸೀಬೆಹಣ್ಣನ್ನು ಕಚ್ಚಬಾರದು, ಹೋಳು ಮಾಡಿ ತಿನ್ನಬೇಕು. ಬ್ರ್ಯಾಕೆಟ್ ಬಿದ್ದರೆ ಮತ್ತೆ ಅಂಟಿಸಬಹುದು. ಹಲ್ಲುಜ್ಜುವುದರಲ್ಲಿ ಸೋಮಾರಿತನ ತೋರಿದರೆ ಬ್ರ್ಯಾಕೆಟ್ಟಿನ ಸುತ್ತ ಮೂಡುವ ಬಿಳಿ ಕಲೆ ಮಾತ್ರ ಕ್ಲಿಪ್ಪು ತೆಗೆದ ಮೇಲೂ ಉಳಿಯಬಹುದು. ಹಲ್ಲುಸಂದಿಯ ಪುಟ್ಟ ಬ್ರಷ್ಷಿಗೆ ಕೊಡುವ ಹಣ ದಂಡವಲ್ಲ.

ಸೆರಾಮಿಕ್ ಬಗ್ಗೆ ನನಗೆ ಹೆಚ್ಚು ಗೌರವವಿಲ್ಲ. ಬ್ರ್ಯಾಕೆಟ್ ಹಲ್ಲಿನ ಬಣ್ಣದಲ್ಲಿರುತ್ತದೆ, ದೂರದಿಂದ ಕಾಣುವುದಿಲ್ಲ, ಅದು ನಿಜ. ಆದರೆ ತಂತಿಯನ್ನು ಹಿಡಿದಿಡುವ ಪಾರದರ್ಶಕ ರಬ್ಬರ್ ಉಂಗುರಗಳಿಗೆ ನಮ್ಮ ಅಡುಗೆ ಆಗಿಬರುವುದಿಲ್ಲ. ಅರಿಶಿನ ಬಿದ್ದ ಒಂದು ಹುಳಿ ಸಾಕು, ಮುಂದಿನ ಭೇಟಿಯವರೆಗೆ ಹಳದಿ ನಗು. ಅಕ್ಕನ ಮಗಳಿಗೆ ಮೇಲ್ಸಾಲು ಸೆರಾಮಿಕ್, ಕೆಳಸಾಲು ಲೋಹ. ಸೆರಾಮಿಕ್ ಹಲ್ಲಿನ ಹೊರಪದರಕ್ಕಿಂತ ಗಟ್ಟಿಯಾದ್ದರಿಂದ, ಕೆಳಗೆ ಹಾಕಿದರೆ ಮೇಲಿನ ಹಲ್ಲು ಅದಕ್ಕೆ ತಾಗಿ ಸವೆಯುವ ಅಪಾಯವಿದೆಯಂತೆ. ಲೋಹಕ್ಕೆ 35,000 ರೂಪಾಯಿ ಹೇಳಿದ ಕಡೆಯೇ ಇದಕ್ಕೆ 55,000. ಕೆಲಸ ಅದೇ, ಕಾಲವೂ ಹೆಚ್ಚುಕಡಿಮೆ ಅಷ್ಟೇ. ‘ಚಿಕ್ಕಮ್ಮ, ಫೋಟೋದಲ್ಲಿ ಕಾಣುವುದಿಲ್ಲವಲ್ಲ, ಅಷ್ಟು ಸಾಕು’ ಎಂಬುದು ಆ ಹುಡುಗಿಯ ವಾದ. ಹದಿನಾರರ ಹುಡುಗಿಗೆ ಅದು ಸಣ್ಣ ಮಾತಲ್ಲವೆಂದು ಸುಮ್ಮನಾದೆ.

ರಬ್ಬರ್ ಉಂಗುರವೇ ಬೇಡದ, ಪುಟ್ಟ ಬಾಗಿಲಿರುವ ಬ್ರ್ಯಾಕೆಟ್ಟುಗಳೂ ಇವೆ. ಬೇಗ ಮುಗಿಯುತ್ತದೆಂದು ಮಾರುತ್ತಾರೆ. ಸಂಶೋಧನೆಗಳಲ್ಲಿ ಅಂಥ ದೊಡ್ಡ ವ್ಯತ್ಯಾಸ ಕಂಡುಬಂದಿಲ್ಲ.

ಅಲೈನರ್ ನೋಡಿದಾಗ ಮಾತ್ರ ನನಗೂ ಆಸೆಯಾಯಿತು. ಬಾಯಿಯನ್ನು ಸ್ಕ್ಯಾನ್ ಮಾಡಿ, ಹಲ್ಲು ಹಂತಹಂತವಾಗಿ ಹೇಗೆ ಸರಿಯಬೇಕೆಂದು ಕಂಪ್ಯೂಟರಿನಲ್ಲಿ ಯೋಜಿಸಿ, ಒಂದೊಂದು ಹಂತಕ್ಕೂ ಒಂದು ಪ್ಲಾಸ್ಟಿಕ್ ಅಚ್ಚು ಕೊಡುತ್ತಾರೆ. ಒಂದೆರಡು ವಾರಕ್ಕೊಮ್ಮೆ ಬದಲಿಸಬೇಕು. ಊಟಕ್ಕೆ ಬಿಚ್ಚಬಹುದು, ರೊಟ್ಟಿ, ಚಿಕ್ಕಿ ಏನನ್ನಾದರೂ ತಿನ್ನಬಹುದು, ಹಲ್ಲುಜ್ಜುವುದು ಸಲೀಸು. ಪೂರ್ತಿ ಅದೃಶ್ಯವೇನಲ್ಲ: ಅಚ್ಚಿಗೆ ಹಿಡಿತ ಸಿಗಲೆಂದು ಕೆಲವು ಹಲ್ಲುಗಳ ಮೇಲೆ ಹಲ್ಲಿನದೇ ಬಣ್ಣದ ಗುಬುಟು ಅಂಟಿಸುತ್ತಾರೆ.

ತೊಡಕಿರುವುದು ಗಡಿಯಾರದಲ್ಲಿ. ದಿನಕ್ಕೆ 20ರಿಂದ 22 ಗಂಟೆ ಬಾಯಲ್ಲಿರಬೇಕು. ಅಂದರೆ ಮೂರು ಊಟ, ಕಾಫಿ, ಹಲ್ಲುಜ್ಜುವುದು ಎಲ್ಲಕ್ಕೂ ಸೇರಿ ಉಳಿಯುವುದು ಎರಡೋ ನಾಲ್ಕೋ ಗಂಟೆ. ಸಂಜೆ ಶಾಲೆಯಿಂದ ಬಂದು ಒಂಬತ್ತರವರೆಗೆ ಬಾಯಾಡಿಸುತ್ತಲೇ ಇರುವ ಹುಡುಗನಿಗೆ ಇದು ಆಗುವ ಮಾತೇ? ತಮ್ಮನ ಮಗ ಮದುವೆಮನೆಯೊಂದರಲ್ಲಿ ಅಚ್ಚನ್ನು ಪೇಪರ್ ಕರವಸ್ತ್ರದಲ್ಲಿ ಸುತ್ತಿ ಎಲೆಯ ಪಕ್ಕದಲ್ಲಿಟ್ಟ. ಎಲೆ ಎತ್ತುವವರು ಎಲೆಯ ಜೊತೆಗೇ ಒಯ್ದರು. ಹಾಕದೇ ಕಳೆದ ದಿನಗಳ ಲೆಕ್ಕವನ್ನು ಹಲ್ಲು ಬಿಟ್ಟುಕೊಡುವುದಿಲ್ಲ: ಮುಂದಿನ ಅಚ್ಚು ಕೂರುವುದೇ ಇಲ್ಲ, ಮತ್ತೆ ಸ್ಕ್ಯಾನ್, ಮತ್ತೆ ಹೊಸ ಸರಣಿ. ಖರ್ಚು ಒಂದೂವರೆ ಲಕ್ಷ ದಾಟಿತು. ಹಲ್ಲುಗಳ ಇಕ್ಕಟ್ಟು ಕಡಿಮೆಯಿದ್ದು, ಮಗು ಹೇಳಿಸಿಕೊಳ್ಳದೆ ತನ್ನ ಕೆಲಸ ಮಾಡುವಂಥದ್ದಾದರೆ ಅಲೈನರ್ ಒಳ್ಳೆಯದೇ. ಅಂಥ ಮಕ್ಕಳಿದ್ದಾರೆ, ನಮ್ಮ ಮನೆಯಲ್ಲಿಲ್ಲ. ತಜ್ಞರ ಮುಖವನ್ನೇ ನೋಡದೆ ಕೊರಿಯರ್‌ನಲ್ಲಿ ಅಚ್ಚು ತರಿಸಿಕೊಳ್ಳುವ ವ್ಯವಹಾರಕ್ಕೆ ಬೆಳೆಯುವ ಮಕ್ಕಳನ್ನು ಒಡ್ಡಲೇಬಾರದು ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಟ್ವಿನ್ ಬ್ಲಾಕ್ ಈ ಮೂರಕ್ಕೂ ನೇರ ಪ್ರತಿಸ್ಪರ್ಧಿಯಲ್ಲ. ಮಗನ ತೊಂದರೆ ಉಬ್ಬುಹಲ್ಲು ಮಾತ್ರವಾಗಿರಲಿಲ್ಲ, ಕೆಳದವಡೆಯೇ ಹಿಂದೆ ಉಳಿದಿತ್ತು. ಸ್ಕಾಟ್ಲೆಂಡಿನ ವಿಲಿಯಂ ಕ್ಲಾರ್ಕ್ 1977ರಲ್ಲಿ ರೂಪಿಸಿದ ಸಾಧನವಿದು: ಮೇಲೊಂದು, ಕೆಳಗೊಂದು ಪ್ಲೇಟು. ಅವುಗಳ ಇಳಿಜಾರು ದಿಮ್ಮಿಗಳಿಂದಾಗಿ ಬಾಯಿ ಮುಚ್ಚಿದಾಗಲೆಲ್ಲ ಕೆಳದವಡೆ ಮುಂದಕ್ಕೆ ಬಂದು ಕೂರುತ್ತದೆ. ಮೈ ಬೆಳೆಯುವ ಭರದಲ್ಲಿ ಮಾತ್ರ ಇದರ ಆಟ ಚೆನ್ನಾಗಿ ನಡೆಯುತ್ತದೆ. ಹೆಣ್ಣುಮಕ್ಕಳಿಗೆ ಆ ಕಾಲ ಗಂಡುಮಕ್ಕಳಿಗಿಂತ ಬೇಗ ಬರುತ್ತದೆ. ಹಾಗೆಂದು ಎಂಟು ಒಂಬತ್ತಕ್ಕೇ ಆರಂಭಿಸಿದರೆ ಕೊನೆಯ ಫಲವೇನೂ ಹೆಚ್ಚುವುದಿಲ್ಲ. ಬಿದ್ದಾಗ ಮುಂದಿನ ಹಲ್ಲಿಗೆ ಪೆಟ್ಟಾಗುವ ಸಂಭವ ಕಡಿಮೆಯಾಗುತ್ತದೆ, ಅಷ್ಟೇ.

ಇದನ್ನೂ ಬಿಚ್ಚಿಡಬಹುದು, ಆದ್ದರಿಂದ ಇಲ್ಲೂ ಕಾವಲು ತಪ್ಪಲಿಲ್ಲ. ಮೊದಲ ವಾರ ಜೊಲ್ಲು, ತೊದಲು. ತರಗತಿಯಲ್ಲಿ ಪದ್ಯ ಓದಲು ನಿಲ್ಲಿಸಿದಾಗ ಹುಡುಗ ಅತ್ತಿದ್ದ. ಆದರೂ ನಾಲ್ಕು ಮಕ್ಕಳಲ್ಲಿ ಪಕ್ಕದಿಂದ ನೋಡಿದರೆ ಮುಖವೇ ಬದಲಾದದ್ದು ಇವನೊಬ್ಬನದು. ಉಳಿದ ಸಾಲು ಸರಿಪಡಿಸಲು ಆಮೇಲೆ ಕ್ಲಿಪ್ಪು ಹಾಕಿದರು.

ಮಗಳಿಗೆ ಖಾಸಗಿ ಕ್ಲಿನಿಕ್ಕಿನಲ್ಲಿ ಮಾಡಿಸಿದ್ದು, ಮಗನಿಗೆ ಡೆಂಟಲ್ ಕಾಲೇಜಿನಲ್ಲಿ. ನಮ್ಮ ಊರಿನಲ್ಲಿ ಅಂಥ ಕಾಲೇಜು ಎರಡಿವೆ. ಅಲ್ಲಿ ಎಂಡಿಎಸ್, ಅಂದರೆ ದಂತವೈದ್ಯದ ಸ್ನಾತಕೋತ್ತರ ಪದವಿ ಓದುವವರು ಅಧ್ಯಾಪಕರ ಕಣ್ಗಾವಲಿನಲ್ಲಿ ಚಿಕಿತ್ಸೆ ಮಾಡುತ್ತಾರೆ. ಖರ್ಚು ಎಷ್ಟೋ ಕಡಿಮೆ, ಅವಸರವಿಲ್ಲದೆ ನೋಡುತ್ತಾರೆ. ಕಾಯುವುದು ಹೆಚ್ಚು, ಶಾಲೆಗೆ ರಜೆ ಹಾಕಬೇಕಾಗುತ್ತದೆ. ಮೂರು ವರ್ಷದ ಓದು ಮುಗಿಸಿ ಆ ಡಾಕ್ಟರು ಹೊರಟರೆ ಮಗು ಇನ್ನೊಬ್ಬರ ಕೈಗೆ ಹೋಗುತ್ತದೆ. ಖಾಸಗಿಯಲ್ಲಾದರೆ ಕ್ಲಿಪ್ಪು ಹಾಕುವವರು ಹಲ್ಲಿನ ಸಾಲು ಸರಿಪಡಿಸುವ ವಿಭಾಗವಾದ ಆರ್ಥೊಡಾಂಟಿಕ್ಸ್‌ನಲ್ಲೇ ಎಂಡಿಎಸ್ ಮಾಡಿದವರೇ ಎಂದು ಸಂಕೋಚವಿಲ್ಲದೆ ಕೇಳಿ.

ದರ ಕೇಳುವಾಗ ರಿಟೇನರ್ ಸೇರಿದೆಯೇ ಎಂದೂ ಕೇಳಿ. ನಮಗೆ ಒಂದು ಕಡೆ ಸೇರಿತ್ತು, ಇನ್ನೊಂದು ಕಡೆ ಇರಲಿಲ್ಲ. ಕ್ಲಿಪ್ಪು ತೆಗೆದ ಮೇಲೆ ಹಲ್ಲು ಹಳೆಯ ಜಾಗಕ್ಕೆ ಹೊರಡದಂತೆ ಹಿಡಿದಿಡುವುದು ಅದೇ. ಹಲ್ಲಿನ ಹಿಂಬದಿಗೆ ಅಂಟಿಸುವ ತಂತಿಯೂ ಇದೆ, ರಾತ್ರಿ ಹಾಕಿಕೊಳ್ಳುವ ಅಚ್ಚೂ ಇದೆ. ಮಗಳಿಗೆ ಕೊಟ್ಟದ್ದು ಅಚ್ಚು, ಮಗನಿಗೆ ತಂತಿಯನ್ನೇ ಅಂಟಿಸಲು ಹೇಳಿದ್ದೇನೆ.